ಮೋಡ ಮುಚ್ಚಿದ ಪಟ್ಟಣ

ಈ ದಿನ ಒಂದು ಪ್ರಶ್ನೆ ಇಟ್ಟುಕೊಂಡು ವಾಕ್ಯಕ್ಕೆ ಹೋಗೋಣ. ನಾವು ವಾಸ ಮಾಡುವ ಪಟ್ಟಣ ಕಣ್ಣಿಗೆ ಕಾಣದೆ ಹೋದರೆ ನಮಗೆ ಯಾಕೆ ಅಷ್ಟು ಸಂತೋಷ ಆಗುತ್ತೆ?

ನಂದಿ ಬೆಟ್ಟಕ್ಕೆ ಹೋಗದ ಯೌವನಸ್ಥರು ನಮ್ಮ ಸಭೆಯಲ್ಲಿ ಕಡಿಮೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ಎತ್ತರ 1,478 ಮೀಟರ್. ರಾತ್ರಿ ಮೂರು ಗಂಟೆಗೇ ಬೈಕ್ ತೆಗೀತೀರಿ. ಕೆಲವರು ಸುಲ್ತಾನ್‌ಪೇಟೆ ಕಡೆಯ ಹಳೇ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತಾ ಹತ್ತುತ್ತೀರಿ. ಇಷ್ಟು ಕಷ್ಟಪಟ್ಟು ಹತ್ತುವುದು ಏನು ನೋಡೋದಕ್ಕೆ? ಕೆಳಗಿನ ಬಯಲು, ರಸ್ತೆ, ಊರು ಎಲ್ಲಾ ಸ್ಪಷ್ಟವಾಗಿ ಕಂಡರೆ "ಛೇ, ಇವತ್ತು ಮೋಡಾನೇ ಇಲ್ಲ" ಅಂತ ಮುಖ ಸಣ್ಣ ಮಾಡ್ಕೋತೀವಿ. ಬಿಳಿ ಮೋಡ ಸಮುದ್ರದ ಹಾಗೆ ತುಂಬಿಕೊಂಡು ಕೆಳಗೆ ಏನೂ ಕಾಣದೇ ಇದ್ದರೆ "ಸ್ವರ್ಗ!" ಅಂತೀವಿ. ಯೋಚನೆ ಮಾಡಿ, ಪ್ರಿಯರೇ. ಮನುಷ್ಯರು ಕಾಣದ ಜಾಗಕ್ಕೆ ನಾವು ಸ್ವರ್ಗ ಅಂತ ಹೆಸರಿಟ್ಟಿದ್ದೀವಿ.

"ಬ್ರದರ್, ವಾರವೆಲ್ಲಾ ಟ್ರಾಫಿಕ್ಕು, ಡೆಡ್‌ಲೈನು, ಪಿಜಿ ಊಟ. ಒಂದು ಬೆಳಿಗ್ಗೆ ನೆಮ್ಮದಿ ಹುಡುಕಿದರೆ ಪಾಪಾನಾ?" ಅಂತ ನೀವು ಕೇಳಬಹುದು. ಅಲ್ಲ. ಯೇಸುವೇ ಜನರ ಗುಂಪನ್ನು ಬಿಟ್ಟು ಪ್ರಾರ್ಥನೆಗಾಗಿ ಬೆಟ್ಟಕ್ಕೆ ಹೋದನು (ಮಾರ್ಕ 6:46). ವಿಶ್ರಾಂತಿ ದೇವರು ಕೊಟ್ಟದ್ದು. ಆದರೆ ದಣಿದು ಪಟ್ಟಣದಿಂದ ಸ್ವಲ್ಪ ಹೊತ್ತು ದೂರ ಇರೋದು ಬೇರೆ, ಪಟ್ಟಣವೇ ಇಲ್ಲದಿದ್ದರೆ ಚೆನ್ನಾಗಿತ್ತು ಅನ್ನೋದು ಬೇರೆ. ಮೊದಲನೆಯದು ಶರೀರದ ಅಗತ್ಯ. ಎರಡನೆಯದು ಹೃದಯದ ಸ್ಥಿತಿ.

ಯೋನನನ್ನು ನೋಡಿ. ಅವನು ನಿನೆವೆಯ ಪೂರ್ವಕ್ಕೆ ಹೋಗಿ, ನೆರಳು ಮಾಡಿಕೊಂಡು, ಪಟ್ಟಣಕ್ಕೆ ಏನಾಗುತ್ತೋ ಅಂತ ನೋಡುತ್ತಾ ಕೂತ. ಅವನ ಕಣ್ಣಿಗೆ ಅದು ಒಂದೇ ಒಂದು ಕೆಟ್ಟ ಪಟ್ಟಣ. ದೇವರಿಗೋ, ಬಲಗೈ ಎಡಗೈ ಗೊತ್ತಿಲ್ಲದ 1,20,000ಕ್ಕೂ ಹೆಚ್ಚು ಜನ. ಅವರ ದನಕರುಗಳೂ ಲೆಕ್ಕದಲ್ಲಿದ್ದವು (ಯೋನ 4:11). ಇನ್ನೊಂದು ಕಡೆ ಯೇಸು ಎಣ್ಣೇಮರಗಳ ಗುಡ್ಡದಿಂದ ಇಳಿದು ಬರುತ್ತಾನೆ. ಎದುರಿಗೆ ಯೆರೂಸಲೇಮ್, ಅದರ ದೇವಾಲಯ. ಜನ ಜೈಕಾರ ಹಾಕ್ತಿದ್ದಾರೆ, ಆತನು ಅಳ್ತಿದ್ದಾನೆ (ಲೂಕ 19:41). ಅತ್ತು ಅಲ್ಲಿಂದಲೇ ಹಿಂದಕ್ಕೆ ಹೋಗಲಿಲ್ಲ. ತನ್ನನ್ನು ಕೊಲ್ಲುವ ಪಟ್ಟಣದ ಒಳಗೇ ನಡೆದನು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಪೆಂತೆಕೊಸ್ತರು ಎತ್ತರದ ಜಾಗದಲ್ಲಿ ನಿಂತು, ಕೈ ಚಾಚಿ, "ಕರ್ತನೇ, ಬೆಂಗಳೂರನ್ನು ನಮಗೆ ಕೊಡು" ಅಂತ ಗಟ್ಟಿಯಾಗಿ ಪ್ರಾರ್ಥನೆ ಮಾಡುವವರು. ಒಳ್ಳೇದೇ. ಆದರೆ ಎತ್ತರದ ಬೆಟ್ಟದ ಮೇಲೆ ನಿಲ್ಲಿಸಿ, ರಾಜ್ಯಗಳನ್ನೆಲ್ಲಾ ತೋರಿಸಿ, ಕೊಡ್ತೀನಿ ಅಂದವನು ಯಾರು? ಮತ್ತಾಯ 4 ಓದಿ. ಪಟ್ಟಣವನ್ನು ಕೇಳೋದು ಸುಲಭ. ನಿಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ರಾತ್ರಿಯೆಲ್ಲಾ ಕೂರುವ ಸೆಕ್ಯೂರಿಟಿ ಅಣ್ಣನ ಹೆಸರೇನು? ಕಾಣುವ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಅನ್ನೋದು ಯೋಹಾನನ ವಾದ (1 ಯೋಹಾನ 4:20). ಬೆಟ್ಟದ ತುದಿಯಿಂದ, ಮೋಡ ಇಲ್ಲದ ದಿನ ಕೂಡ, ಒಬ್ಬ ಮನುಷ್ಯನ ಮುಖ ಕಾಣಿಸುತ್ತಾ? ಇಲ್ಲ. ಹಾಗಾದರೆ ನಮಗೆ ಮುಖಗಳನ್ನು ಮರೆಮಾಡಿದ್ದು ಮೋಡ ಅಲ್ಲ, ದೂರ. ಮೋಡವನ್ನು ಬಿಸಿಲು ಕರಗಿಸುತ್ತೆ. ದೂರವನ್ನು ನಾವೇ ನಡೆದು ಮುಗಿಸಬೇಕು.

ಸತ್ಯವೇದದಲ್ಲಿ ಬೆಟ್ಟದ ಮೇಲಿನ ಮೋಡ ಸಾಮಾನ್ಯವಾದದ್ದಲ್ಲ. ಸೀನಾಯಿ ಬೆಟ್ಟದಲ್ಲಿ ಮೋಶೆ ಮೋಡದೊಳಗೆ ಹೋದನು. ಅಲ್ಲಿ ದೇವರೇ ಅವನಿಗೆ, ಇಳಿದು ಹೋಗು, ಕೆಳಗೆ ನಿನ್ನ ಜನ ಕೆಟ್ಟುಹೋದರು ಅಂತ ಹೇಳಿದನು (ವಿಮೋಚನಕಾಂಡ 32:7). ಪೇತ್ರನಿಗೆ ಬೆಟ್ಟದ ಮೇಲೆ ಮೂರು ಗುಡಾರ ಹಾಕಿ ಅಲ್ಲೇ ಇರುವ ಆಸೆ. ಮೋಡ ಕವಿಯಿತು, ಮಗನ ಮಾತು ಕೇಳಿರಿ ಅನ್ನುವ ಸ್ವರ ಬಂತು. ಮಾರನೇ ದಿನ ಇಳಿದರೆ ಎದುರಿಗೆ ಒಬ್ಬ ತಂದೆ, ಅವನಿಗಿದ್ದ ಒಬ್ಬನೇ ಮಗನನ್ನು ದೆವ್ವ ಒದ್ದಾಡಿಸುತ್ತಿತ್ತು (ಲೂಕ 9:37-42). ಗುಡಾರ ಎದ್ದಿದ್ದರೆ ಆ ತಂದೆ ಕೆಳಗೆ ಕಾಯ್ತಾನೇ ಇರುತ್ತಿದ್ದ. ಮೋಡದೊಳಗೆ ದೇವರ ಸ್ವರ ಕೇಳಿದೆ ಅನ್ನುವವನು ಕೆಳಗಿನವರ ಭಾರ ಹೊತ್ತು ಇಳಿಯದಿದ್ದರೆ, ಅವನು ಕೇಳಿದ್ದು ಯಾರ ಸ್ವರ ಅಂತ ಪರೀಕ್ಷಿಸಿಕೊಳ್ಳಲಿ.

ನಂದಿಯ ಮೋಡಕ್ಕೂ ಆಯಸ್ಸು ಕಡಿಮೆ. ರಾತ್ರಿಯ ತಂಪಿಗೆ ತಗ್ಗಿನಲ್ಲಿ ಕೂತ ಮಂಜು, ಬಿಸಿಲೇರಿದರೆ ಕರಗುತ್ತೆ. ಅದರ ಮೇಲೆ ಕಟ್ಟಿದ ಸಮಾಧಾನಕ್ಕೂ ಅಷ್ಟೇ ಆಯಸ್ಸು. ಆದರೆ ಅದೇ ಬೆಟ್ಟದ ಸೀಮೆಯಲ್ಲಿ ಅರ್ಕಾವತಿ ನದಿ ಹುಟ್ಟುತ್ತೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ, ಆ ನದಿಯ ನೀರೇ ಬೆಂಗಳೂರಿನ ನಲ್ಲಿಗಳಿಗೆ ಬಂದದ್ದು. ಮೇಲೆ ಬಿದ್ದ ಮಳೆ ಮೇಲೆಯೇ ನಿಲ್ಲಲಿಲ್ಲ. ಇಳಿದದ್ದಕ್ಕೇ ಅದು ಯಾರದೋ ಮನೆಯ ಬಿಂದಿಗೆ ತುಂಬಿತು.

ಆದ್ದರಿಂದ ಹೋಗಿ, ಬೆಟ್ಟ ಹತ್ತಿ, ಮೋಡ ನೋಡಿ ದೇವರನ್ನು ಸ್ತುತಿಸಿ. ಫೋಟೋನೂ ತೆಗೀರಿ. ನಸುಕಿಗೇ ಬಂದು ಜೋಳ ಸುಡುವ ಅಮ್ಮನ ಹತ್ತಿರ ಎರಡು ಮಾತಾಡಿ. ನೀವು ಎಸೆದ ಪ್ಲಾಸ್ಟಿಕ್ ಆರಿಸೋರೂ ಮನುಷ್ಯರೇ. ಮೇಲೆ ನಿಂತು ಇಡೀ ಪಟ್ಟಣಕ್ಕಾಗಿ ಅಲ್ಲ, ಹೆಸರು ಗೊತ್ತಿರುವ ಒಬ್ಬರಿಗಾಗಿ ಪ್ರಾರ್ಥನೆ ಮಾಡಿ. ಪಕ್ಕದ ರೂಮಲ್ಲಿ ಎರಡು ದಿನದಿಂದ ಊಟಕ್ಕೆ ಎದ್ದು ಬಾರದ ಹುಡುಗಿ ಇರಬಹುದು, ಕೆಲಸ ಹೋದದ್ದನ್ನು ಇನ್ನೂ ಊರಿಗೆ ಹೇಳದ ಸ್ನೇಹಿತ ಇರಬಹುದು. ಸೋಮವಾರದ ಒಳಗೆ ಅವರ ಬಾಗಿಲು ತಟ್ಟಿ.

ಪ್ರಾರ್ಥನೆ ಮಾಡೋಣ. ಕರ್ತನೇ, ನಮಗೆ ಕಾಣದೆ ಹೋದವರು ನಿನಗೆ ಕಾಣುತ್ತಿದ್ದಾರೆ. ಅವರ ಹತ್ತಿರ ಇಳಿದು ಹೋಗುವ ಕಾಲುಗಳನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.