ಕಾಯಕವೂ ಕಾರ್ಮಿಕ ಸಂಘವೂ



ಕಾಯಕವೆಂಬ ಮಾತು ಇಂದು ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಕೇಳಿಬರುತ್ತಿದೆ. ಮಠದ ವೇದಿಕೆಯಲ್ಲಿ ಅದನ್ನು ಕೇಳುತ್ತೇವೆ. ಕಚೇರಿಯ ಗೋಡೆಯ ಮೇಲೆ, ಕಾರ್ಖಾನೆಯ ಹೆಬ್ಬಾಗಿಲಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಅದನ್ನು ಬರೆದು ತೂಗುಹಾಕಿರುವುದನ್ನು ಕಾಣುತ್ತೇವೆ. ಇದು ಸಂತೋಷದ ವಿಷಯವೇ ಸರಿ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂಬುದನ್ನು ಒಮ್ಮೆ ನಿಂತು ವಿಚಾರಿಸಬೇಕು. ಬಹುಮಟ್ಟಿಗೆ ದುಡಿಸಿಕೊಳ್ಳುವವರು ದುಡಿಯುವವರಿಗೆ ಹೇಳುತ್ತಿದ್ದಾರೆ. ಕೂಲಿ ಸಾಲದೆಂದ ಆಳಿಗೆ, ಕೆಲಸದ ಹೊತ್ತು ಮೀರಿತೆಂದ ಗುಮಾಸ್ತನಿಗೆ, ಸಂಘ ಕಟ್ಟಲು ಹೊರಟ ಹಮಾಲನಿಗೆ ನಾವು ಕಾಯಕದ ಮಹಿಮೆಯನ್ನು ಬೋಧಿಸುತ್ತೇವೆ. ಶರಣರ ಮಾತು ದುಡಿಯುವವನ ಬಾಯಿಗೆ ಹಾಕುವ ಬೀಗವಾಗಬಹುದೆ? ಇದೇ ಇಂದಿನ ನಮ್ಮ ವಿಚಾರ.

ಕಾಯಕವೆಂದರೆ ಬರಿಯ ಕೆಲಸವಲ್ಲ. ಸತ್ಯಶುದ್ಧವಾದ ಮನಸ್ಸಿನಿಂದ, ಪರರಿಗೆ ಕೇಡಿಲ್ಲದಂತೆ, ತನ್ನ ಕಾಯವನ್ನು ಬಳಲಿಸಿ ಮಾಡಿದ ದುಡಿಮೆಯು ಕಾಯಕ. ಅದರಿಂದ ಬಂದುದನ್ನು ಒಬ್ಬನೇ ಕೂಡಿಡದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಈ ತತ್ತ್ವದಲ್ಲಿ ಯಾರಿಗೂ ವಿನಾಯಿತಿಯಿಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ಆ ಶರಣರ ಇಷ್ಟಲಿಂಗವು ಒಂದು ದಿನ ಹುಲ್ಲು ಕೊಯ್ಯುವಾಗ ಕಳಚಿಬಿತ್ತು. ಅವರು ಅದನ್ನು ಎತ್ತಿಕೊಳ್ಳದೆ ತಮ್ಮ ಕೆಲಸವನ್ನು ಮುಂದುವರಿಸಿದರು. ಲಿಂಗವೇ ಹಿಂದೆ ಹಿಂದೆ ಬಂದು ಮೊರೆಯಿಟ್ಟಿತಂತೆ. ಕೊನೆಗೆ ಮಡಿವಾಳ ಮಾಚಯ್ಯನವರು ಮಧ್ಯಸ್ಥರಾಗಿ ನಿಂತು, ಲಿಂಗವೂ ಕಾಯಕ ಮಾಡುವುದೆಂಬ ಒಪ್ಪಂದವಾದ ಮೇಲೆಯೇ ಆ ವ್ಯಾಜ್ಯವು ತೀರಿತು.

ಈ ಕಥೆಯನ್ನು ನಾವು ಭಕ್ತಿಯಿಂದ ಕೇಳಿ ತಲೆದೂಗುತ್ತೇವೆ. ಅದರ ಅರ್ಥವನ್ನು ಮಾತ್ರ ಅಂಗಡಿಯ ಬಾಗಿಲಿನಲ್ಲೇ ಬಿಟ್ಟು ಒಳಗೆ ಹೋಗುತ್ತೇವೆ. ಲಿಂಗಕ್ಕೇ ಕಾಯಕದಿಂದ ಬಿಡುಗಡೆಯಿಲ್ಲವೆಂದ ಮೇಲೆ ಹಣ ಹೂಡಿದ ಯಜಮಾನನಿಗೆ ಬಿಡುಗಡೆಯುಂಟೆ? ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ಹಗ್ಗ ಹೊಸೆಯುವವನಿಗೂ ಅವನ ಆರಾಧ್ಯ ದೈವಕ್ಕೂ ಬಂದ ವ್ಯಾಜ್ಯವನ್ನು ತೀರಿಸಿದವರು ಬಟ್ಟೆ ಒಗೆಯುವ ಕಾಯಕದವರು. ಶ್ರಮದ ಬೆಲೆಯನ್ನು ತೀರ್ಮಾನಿಸುವಾಗ ಶ್ರಮವನ್ನು ಬಲ್ಲವನ ಮಾತಿಗೆ ಸ್ಥಾನವಿರಬೇಕೆಂಬ ನೀತಿಯು ಇಲ್ಲಿ ಅಡಗಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯೂ ಹೀಗೆಯೇ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಿರುಗಿಸಿದರು. ಬಡವನು ಅತಿಯಾಸೆ ಪಡಬಾರದೆಂದು ಬೋಧಿಸಲು ಈ ಕಥೆಯನ್ನು ಬಳಸುವವರುಂಟು. ಆದರೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಂದರೆ ಅದು ತನ್ನದಲ್ಲವೆಂಬ ನಿಯಮವು ಅಕ್ಕಿ ಆಯುವವನಿಗೆ ಮಾತ್ರ ಅನ್ವಯಿಸಿ, ಅಕ್ಕಿಯ ಗಿರಣಿಯ ಒಡೆಯನಿಗೆ ಅನ್ವಯಿಸದೆ ಹೋದೀತೆ? ಆಳಿನ ಪಾಲಿನಿಂದ ಉಳಿಸಿಕೊಂಡ ಲಾಭವೂ ಲಕ್ಕಮ್ಮನವರ ಕಣ್ಣಿನಲ್ಲಿ ಹೆಚ್ಚಿನ ಅಕ್ಕಿಯೇ.

ಹನ್ನೆರಡನೆಯ ಶತಮಾನದಲ್ಲಿ ಕಾರ್ಮಿಕ ಸಂಘಗಳಿರಲಿಲ್ಲ, ಇಂದೇಕೆ ಬೇಕು ಎಂದು ಕೆಲವರು ಕೇಳಬಹುದು. ಅಂದಿನ ಶರಣರಲ್ಲಿ ಅನೇಕರ ಉಪಕರಣವು ಅವರ ಕೈಯಲ್ಲೇ ಇತ್ತು. ಅಂಬಿಗರ ಚೌಡಯ್ಯನವರಿಗೆ ಹುಟ್ಟು, ಕದಿರೆ ರೆಮ್ಮವ್ವೆಯವರಿಗೆ ರಾಟಿ, ಮೇದಾರ ಕೇತಯ್ಯನವರಿಗೆ ಬಿದಿರು ಸೀಳುವ ಕತ್ತಿ. ಯಂತ್ರಯುಗವು ಬಂದ ಮೇಲೆ ಉಪಕರಣವು ಒಬ್ಬನದಾಯಿತು, ಕೈಗಳು ಸಾವಿರಾರು ಜನರವಾದವು. ಒಬ್ಬ ಕೂಲಿಕಾರನು ಒಬ್ಬಂಟಿಯಾಗಿ ಧನಿಯ ಮುಂದೆ ನಿಂತು ಕೂಲಿಯನ್ನು ಗೊತ್ತುಮಾಡಿಕೊಳ್ಳುವಾಗ ಇಬ್ಬರೂ ಸಮಾನರೆಂದು ಕಾಗದದ ಮೇಲೆ ಬರೆಯಬಹುದು. ಆದರೆ ಧನಿಯು ಒಂದು ತಿಂಗಳು ಕಾಯಬಲ್ಲನು. ಕೂಲಿಕಾರನ ಮನೆಯ ಒಲೆಯು ಒಂದು ವಾರವೂ ಕಾಯಲಾರದು. ಈ ಅಸಮತೆಯನ್ನು ಸರಿದೂಗಿಸಲು ಹುಟ್ಟಿದುದೇ ಕಾರ್ಮಿಕ ಸಂಘ.

ನಮ್ಮ ದೇಶದಲ್ಲಿ ಅದು ಸುಲಭವಾಗಿ ಬೆಳೆಯಲಿಲ್ಲ. 1918ರಲ್ಲಿ ಬಿ. ಪಿ. ವಾಡಿಯಾ ಮೊದಲಾದವರು ಮದರಾಸಿನ ಬಟ್ಟೆ ಗಿರಣಿಯ ಕೆಲಸಗಾರರಿಗಾಗಿ ಸಂಘವನ್ನು ಕಟ್ಟಿದಾಗ, ನಾಯಕರ ಮೇಲೆಯೇ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆಯನ್ನು ತರಲಾಯಿತು. 1920ರಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಮುಂಬಯಿಯಲ್ಲಿ ಸೇರಿತು. 1926ರ ಶಾಸನವು ಬಂದ ಮೇಲೆಯೇ, ನೋಂದಾಯಿತ ಸಂಘಗಳಿಗೆ ಇಂಥ ದಾವೆಗಳಿಂದ ರಕ್ಷಣೆ ದೊರೆತುದು.

ಧನಿಗೂ ದುಡಿಯುವವನಿಗೂ ವ್ಯಾಜ್ಯ ಬಂದಾಗ ಅದನ್ನು ಧರ್ಮಮಾರ್ಗದಲ್ಲಿ ನಡೆಸುವುದು ಹೇಗೆಂಬುದಕ್ಕೆ 1918ರ ಅಹಮದಾಬಾದಿನ ಪ್ರಸಂಗವು ಮನನಯೋಗ್ಯವಾಗಿದೆ. ಹಿಂದಿನ ವರ್ಷ ಆ ನಗರಕ್ಕೆ ಪ್ಲೇಗು ಬಂದಿದ್ದಿತು. ಕೆಲಸಗಾರರು ಊರು ಬಿಟ್ಟು ಓಡದಿರಲೆಂದು ಗಿರಣಿಯವರು ವಿಶೇಷ ಭತ್ಯವನ್ನು ಕೊಟ್ಟರು. ರೋಗವು ಶಮನವಾದೊಡನೆ ಅದನ್ನು ನಿಲ್ಲಿಸಹೊರಟರು. ಆದರೆ ಯುದ್ಧಕಾಲದ ಬೆಲೆಯೇರಿಕೆಯು ಶಮನವಾಗಿರಲಿಲ್ಲ. ಗಿರಣಿಯವರ ಮುಂದಾಳು ಅಂಬಾಲಾಲ ಸಾರಾಭಾಯಿ. ಕೆಲಸಗಾರರ ಪಕ್ಷದಲ್ಲಿ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾಬೆನ್. ರಕ್ತಸಂಬಂಧಕ್ಕಿಂತ ನ್ಯಾಯವೇ ಹತ್ತಿರದ್ದೆಂದು ಆ ತಾಯಿ ನಡೆದು ತೋರಿಸಿದರು. ಆದರೂ ತಮ್ಮನನ್ನು ಶತ್ರುವೆಂದು ಎಣಿಸಲಿಲ್ಲ.

ಕೆಲಸಗಾರರು ಶೇಕಡ 50ರಷ್ಟು ಏರಿಕೆಯನ್ನು ಬಯಸಿದ್ದರು. ಗಾಂಧೀಜಿಯವರು ಲೆಕ್ಕಗಳನ್ನು ಪರಿಶೀಲಿಸಿ ಶೇಕಡ 35 ನ್ಯಾಯವೆಂದು ಕಂಡು ಅಷ್ಟನ್ನೇ ಕೇಳಿರೆಂದರು. ಗಿರಣಿಯವರು ಶೇಕಡ 20ಕ್ಕೆ ನಿಂತರು. ಮುಷ್ಕರದ ನಿಯಮಗಳು ಹೀಗಿದ್ದವು: ಹಿಂಸೆ ಕೂಡದು, ಕೆಲಸಕ್ಕೆ ಹೋಗುವವರನ್ನು ಪೀಡಿಸಕೂಡದು, ಭಿಕ್ಷೆಯನ್ನು ನಂಬಕೂಡದು, ಎಷ್ಟು ದಿನವಾದರೂ ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆಯಬೇಕು. ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ತುಂಬುವ ಕೆಲಸವು ದೊರೆತಾಗ, ಅನಸೂಯಾಬೆನ್ ಅವರೇ ಬುಟ್ಟಿ ಹೊತ್ತು ಮುಂದೆ ನಡೆದರು. ಕೆಲಸಗಾರರು ಸಾಲಾಗಿ ಹಿಂದೆ ನಡೆದರು. ಗಿರಣಿಯ ಕೆಲಸವನ್ನು ನಿಲ್ಲಿಸಿದವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬುದು ಇದರ ಮರ್ಮ. ದಿನಗಳು ಉರುಳಿ ಜನರ ಧೈರ್ಯ ಕುಂದಿದಾಗ ಗಾಂಧೀಜಿ ಉಪವಾಸ ಕೈಕೊಂಡರು. ಅದು ಗಿರಣಿಯವರ ಮೇಲೆ ಒತ್ತಡವಾಯಿತೆಂಬ ಅಳುಕು ಅವರಿಗೇ ಇದ್ದಿತು. ಅದನ್ನು ಅವರು ಮರೆಮಾಚಲಿಲ್ಲ. ಮೂರು ದಿನಗಳಲ್ಲಿ ಇತ್ತಂಡದವರೂ ಮಧ್ಯಸ್ಥಿಕೆಗೆ ಒಪ್ಪಿದರು. ವಿದ್ವಾಂಸರಾದ ಆನಂದಶಂಕರ ಧ್ರುವರು ಮಧ್ಯಸ್ಥರಾಗಿ ಶೇಕಡ 35ನ್ನೇ ತೀರ್ಮಾನಿಸಿದರು.

ನ್ಯಾಯವಾದುದಕ್ಕಿಂತ ಹೆಚ್ಚು ಕೇಳದಿರುವುದು, ನ್ಯಾಯವಾದುದರಿಂದ ಹಿಂದೆ ಸರಿಯದಿರುವುದು, ಎದುರಾಳಿಯನ್ನು ಹಗೆಯೆಂದು ತಿಳಿಯದಿರುವುದು ಇವು ಈ ಪ್ರಸಂಗದ ಮೂರು ಪಾಠಗಳು. ಇವುಗಳನ್ನು ಮರೆತರೆ ಏನಾಗುವುದೆಂಬುದನ್ನೂ ನಮ್ಮ ಕಾಲವು ಕಂಡಿದೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ವರ್ಷ ಕಳೆದರೂ ರಾಜಿಯಾಗಲಿಲ್ಲ. ಅನೇಕ ಗಿರಣಿಗಳು ಮತ್ತೆ ತೆರೆಯಲಿಲ್ಲ, ಕೆಲಸಗಾರರು ಚದುರಿಹೋದರು. ಮುಂದೆ ಆ ಗಿರಣಿಗಳ ನೆಲದ ಮೇಲೆ ಗಗನಚುಂಬಿ ಸೌಧಗಳೂ ಮಳಿಗೆಗಳೂ ಎದ್ದವು. ದೋಷವೆಲ್ಲವೂ ಒಂದೇ ಕಡೆಯದೆಂದು ಹೇಳಲಾಗದು. ಹಟದಿಂದ ನಿಂತ ಧನಿಗಳಿಗೆ ನೆಲವಾದರೂ ಉಳಿಯಿತು. ದುಡಿಯುವವರಿಗೆ ಅದೂ ಉಳಿಯಲಿಲ್ಲ. ಆದುದರಿಂದ ಮುಷ್ಕರವು ಕಡೆಯ ಔಷಧವಾಗಿರಬೇಕು, ದಿನದ ಆಹಾರವಾಗಬಾರದು.

ಆದರೆ ಔಷಧವೇ ಬೇಡವೆನ್ನುವುದೂ ವಿವೇಕವಲ್ಲ. 2016ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಬಂದುದು ನಿಮ್ಮ ನೆನಪಿನಲ್ಲಿರಬಹುದು. ಅವರ ಭವಿಷ್ಯನಿಧಿಯ ಹಣವನ್ನು ಹಿಂತೆಗೆಯಲು ಹೊಸದೊಂದು ನಿರ್ಬಂಧವು ಬಂದಿದ್ದಿತು. ಮಗಳ ಮದುವೆ, ಮನೆಯ ಸಾಲ, ತಾಯಿಯ ಕಾಯಿಲೆ ಇವುಗಳಿಗೆ ಬಡವರ ಮನೆಯಲ್ಲಿ ಒದಗುವ ಹಣವೆಂದರೆ ಅದೇ. ಅವರಲ್ಲಿ ಬಹುಮಂದಿ ಯಾವ ಸಂಘಕ್ಕೂ ಸೇರಿದವರಲ್ಲ. ಕೇಂದ್ರ ಸರಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಆದರೆ ಆ ಗದ್ದಲದಲ್ಲಿ ಕಲ್ಲು ತೂರಾಟವೂ ಬೆಂಕಿಯೂ ಲಾಠಿಯೂ ಕಂಡವು. ಶಿಸ್ತುಳ್ಳ ಸಂಘವಿದ್ದು, ಅದರ ಮಾತಿಗೆ ಕಿವಿಗೊಡುವ ವ್ಯವಸ್ಥೆಯಿದ್ದಿದ್ದರೆ ನೋವು ಬೀದಿಗೆ ಬರುವ ಮೊದಲೇ ಮೇಜಿನ ಮೇಲೆ ಬರುತ್ತಿದ್ದಿತು. ಸಂಘವನ್ನು ಒಡೆದೆನೆಂದು ಹಿಗ್ಗುವ ಧನಿಯು ತನ್ನೊಡನೆ ಮಾತನಾಡಬಲ್ಲ ಬಾಯಿಯನ್ನು ಮುಚ್ಚಿಸಿದನಲ್ಲದೆ ನೋವನ್ನು ಅಳಿಸಲಿಲ್ಲ.

ಕಾನೂನು ತನ್ನ ಕೆಲಸವನ್ನು ಮಾಡುತ್ತಿದೆ. ಹಳೆಯ ಅನೇಕ ಶಾಸನಗಳನ್ನು ಒಟ್ಟುಗೂಡಿಸಿ 2019 ಮತ್ತು 2020ರಲ್ಲಿ ಸಂಸತ್ತು ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಮುಷ್ಕರಕ್ಕೆ ಮುಂಚೆ 14 ದಿನಗಳ ಸೂಚನೆ ಕೊಡಬೇಕೆಂಬ ವಿಧಿಯನ್ನು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿರುವುದರಿಂದ ತಮ್ಮ ಕೈ ಕಟ್ಟಿದಂತಾಯಿತೆಂದು ಸಂಘಗಳು ಆಕ್ಷೇಪಿಸಿವೆ. ಆ ವಾದವು ನಡೆಯಲಿ, ಅದು ನಡೆಯಬೇಕಾದುದೇ. ಆದರೆ ಶಾಸನವು ಕನಿಷ್ಠ ಕೂಲಿಯನ್ನು ಗೊತ್ತುಮಾಡೀತೇ ಹೊರತು ಕೊಡುವ ಮನಸ್ಸನ್ನು ಗೊತ್ತುಮಾಡಲಾರದು. ಆ ಮನಸ್ಸನ್ನು ಹದಗೊಳಿಸುವುದೇ ಶರಣಧರ್ಮದ ಕೆಲಸ.

ಇನ್ನು ನಮ್ಮ ನಮ್ಮ ಮನೆಯ ಮಾತಿಗೆ ಬರೋಣ. ನಿಮ್ಮಲ್ಲಿ ಎಲ್ಲರೂ ಗಿರಣಿಯ ಧನಿಗಳಲ್ಲ. ಆದರೆ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿ, ಹೊಲದಲ್ಲಿ ಕಳೆ ಕೀಳುವ ಹೆಣ್ಣಾಳು, ಅಡತಿಯಂಗಡಿಯಲ್ಲಿ ಚೀಲ ಹೊರುವ ಹಮಾಲ, ಲಾರಿಯ ಚಾಲಕ, ಅಂಗಡಿಯ ಹುಡುಗ ಇವರಲ್ಲಿ ಒಬ್ಬರ ದುಡಿಮೆಯಾದರೂ ನಿಮ್ಮ ಸಂಸಾರವನ್ನು ಹೊತ್ತಿದೆ. ಅವರ ಕೂಲಿಯು ಗೊತ್ತಾದ ದಿನಕ್ಕೆ ಸಲ್ಲುತ್ತಿದೆಯೆ? ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿಯುಂಟೆ? ಕಾಯಿಲೆ ಬಿದ್ದ ದಿನದ ಸಂಬಳವನ್ನು ಮುರಿದುಕೊಂಡಿರಾ? ನಿಮ್ಮ ಕಿರ್ದಿ ಖಾತೆಗಳನ್ನು ತೆರೆಯುವಾಗ ಈ ಪ್ರಶ್ನೆಗಳನ್ನೂ ತೆರೆಯಿರಿ. ಶಾಲೆ, ವಸತಿನಿಲಯ, ಪ್ರಸಾದನಿಲಯಗಳನ್ನು ನಡೆಸುವ ಮಠಗಳೂ ಇದಕ್ಕೆ ಹೊರತಲ್ಲ. ಅಡಿಗೆಯವನ ಹಾಗೂ ಉಪಾಧ್ಯಾಯನ ಸಂಬಳವನ್ನು ಸೇವೆಯ ಹೆಸರಿನಲ್ಲಿ ತಗ್ಗಿಸುವುದು ಕಾವಿಯ ನೆರಳಿನಲ್ಲಿ ನಡೆದರೂ ಅನ್ಯಾಯವೇ.

ಇಲ್ಲಿ ಒಂದು ಭ್ರಾಂತಿಯನ್ನು ಬಿಡಬೇಕು. ಜಾತ್ರೆಯಲ್ಲಿ ಅನ್ನಸಂತರ್ಪಣೆ ಮಾಡಿಸಿದೆನು, ಬಡ ಮಕ್ಕಳಿಗೆ ಪುಸ್ತಕ ಹಂಚಿದೆನು, ಆದುದರಿಂದ ದಾಸೋಹಿಯಾದೆನೆಂದು ಕೆಲವರು ತೃಪ್ತಿಪಡುತ್ತಾರೆ. ಸಲ್ಲಬೇಕಾದ ಕೂಲಿಯನ್ನು ಸಲ್ಲಿಸಿದ ಮೇಲೆ ಉಳಿದುದರಿಂದ ಮಾಡಿದ್ದು ದಾಸೋಹ. ಕೂಲಿಯಲ್ಲಿ ಹಿಡಿದಿಟ್ಟು ಜಾತ್ರೆಯಲ್ಲಿ ಕೊಟ್ಟದ್ದು ದಾಸೋಹವಲ್ಲ. ಅದು ಬೇರೊಬ್ಬನ ಹಣದಿಂದ ತಾನು ಹೆಸರು ಪಡೆದಂತೆ. ಕೂಲಿಯು ಹಕ್ಕು, ದಾಸೋಹವು ಭಕ್ತಿ. ಹಕ್ಕನ್ನು ಭಿಕ್ಷೆಯಾಗಿ ಕೊಡುವವನು ಎರಡನ್ನೂ ಕೆಡಿಸುತ್ತಾನೆ.

ದುಡಿಯುವ ಬಂಧುಗಳಿಗೂ ಒಂದು ಮಾತು. ಸಂಘವನ್ನು ಕಟ್ಟಿರಿ, ಅದರಲ್ಲಿ ಅಧರ್ಮವಿಲ್ಲ. ಅನುಭವ ಮಂಟಪವೂ ಬಹುಮಟ್ಟಿಗೆ ದುಡಿಯುವವರ ಸಭೆಯೇ ಆಗಿದ್ದಿತು. ಆದರೆ ಸಂಘದ ಹೆಸರಿನಲ್ಲಿ ಕಳ್ಳಗೆಲಸವನ್ನು ಮರೆಮಾಡಬೇಡಿ. ಕೆಲಸ ಬಿಟ್ಟು ಹಾಜರಿ ಬರೆಯಿಸಿದ ದಿನದ ಕೂಲಿಯೂ ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯೇ. ಸಂಘದ ವಂತಿಗೆಗೆ ಲೆಕ್ಕ ಕೇಳಿರಿ. ನಾಯಕನು ಪಕ್ಷಕ್ಕಾಗಿ ನಿಮ್ಮನ್ನು ನಡೆಸುತ್ತಾನೋ ನಿಮಗಾಗಿ ತಾನು ನಡೆಯುತ್ತಾನೋ ನೋಡಿರಿ. ಗುತ್ತಿಗೆಯ ಕೆಲಸಗಾರನನ್ನು, ಕಸ ಗುಡಿಸುವವಳನ್ನು ಹೊರಗಿಟ್ಟು ಖಾಯಂ ನೌಕರರು ಮಾತ್ರ ಕಟ್ಟಿಕೊಂಡ ಸಂಘವು ಹೊಸದೊಂದು ಜಾತಿಯಾದೀತು.

ದುಡಿಸುವವನ ನ್ಯಾಯ, ದುಡಿಯುವವನ ಪ್ರಾಮಾಣಿಕತೆ ಇವೆರಡೂ ಕೂಡಿದಲ್ಲಿ ಮಾತ್ರ ಕಾಯಕವು ಪೂಜೆಯಾಗುತ್ತದೆ; ಒಂದೇ ಇದ್ದಲ್ಲಿ ಅದು ದಬ್ಬಾಳಿಕೆಯೋ ವಂಚನೆಯೋ ಆಗುತ್ತದೆ. ನಾಳೆ ಬೆಳಗ್ಗೆ ಇಷ್ಟಲಿಂಗಪೂಜೆಯನ್ನು ಮುಗಿಸಿ ಏಳುವಾಗ, ನಿಮ್ಮ ಮನೆಯಲ್ಲಿ ದುಡಿಯುವವರಿಗೆ ಸಲ್ಲಬೇಕಾದ ಬಾಕಿಯೇನಾದರೂ ಉಳಿದಿದೆಯೇ ಎಂದು ಎಣಿಸಿ ನೋಡಿರಿ. ಉಳಿದಿದ್ದರೆ ಅದನ್ನು ಸಲ್ಲಿಸಿದ ಬಳಿಕವೇ ಪ್ರಸಾದವನ್ನು ಸ್ವೀಕರಿಸಿರಿ. ಬಸವಾದಿ ಪ್ರಮಥರ ಕೃಪೆಯು ನಿಮ್ಮೆಲ್ಲರ ಕಾಯಕದ ಮೇಲೆಯೂ ಇರಲಿ.