ಬೆಟ್ಟದ ನೋಟವೂ ಕಾಲುವೆಯ ದಾರಿಯೂ

ಪಾಠ: ಲೂಕನು 9ನೆಯ ಅಧ್ಯಾಯ, 28ರಿಂದ 43ನೆಯ ವಚನಗಳು



ಕೆಲವು ದಿವಸಗಳ ಹಿಂದೆ ನಾವು ಹಂಪೆಗೆ ಹೋಗಿ, ಹೊತ್ತು ಮೂಡುವದಕ್ಕೆ ಮುಂಚೆ ಮತಂಗ ಬೆಟ್ಟವನ್ನು ಹತ್ತಿದೆವು. ದಾರಿ ದೂರದ್ದಲ್ಲ; ಆದರೂ ಕಲ್ಲಿನ ಮೆಟ್ಟಲುಗಳು ಕಡಿದಾಗಿರುವದರಿಂದ ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕಾಯಿತು. ತುದಿಯಲ್ಲಿ ನಿಂತು ನೋಡಲು, ಬಡಗಲಲ್ಲಿ ಬಂಡೆಗಳ ನಡುವೆ ಹರಿಯುವ ತುಂಗಭದ್ರೆಯೂ, ಪಡುವಲಲ್ಲಿ ವಿರೂಪಾಕ್ಷ ದೇವಾಲಯದ ಗೋಪುರವೂ, ಬುಡದಲ್ಲಿ ಅಚ್ಯುತರಾಯನ ದೇವಾಲಯದ ಪ್ರಾಕಾರಗಳೂ, ತೆಂಕಲಲ್ಲಿ ಬಾಳೆಯ ತೋಟಗಳೂ ಕಂಡವು.

1336ರಲ್ಲಿ ಸ್ಥಾಪಿತವಾಯಿತೆಂದು ಹೇಳಲ್ಪಡುವ ವಿಜಯನಗರವು ಇದೇ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಎಂಬವನು ಬೆಟ್ಟವೊಂದನ್ನೇರಿ ನೋಡಿ, ಇದು ರೋಮಾಪುರದಷ್ಟು ದೊಡ್ಡದೆಂದು ಬರೆದಿಟ್ಟನು. ಆದರೆ 1565ರ ಯುದ್ಧದ ಸೋಲಿನ ತರುವಾಯ ಪಟ್ಟಣವು ಸೂರೆಯಾಯಿತು. ಅರಮನೆಗಳಿದ್ದಲ್ಲಿ ಈಗ ಬರಿಯ ತಳಪಾಯಗಳಿವೆ. ಸೈತಾನನು ಎತ್ತರವಾದ ಬೆಟ್ಟದಿಂದ ಲೋಕದ ರಾಜ್ಯಗಳ ವೈಭವವನ್ನು ತೋರಿಸಿದಾಗ ನಮ್ಮ ಕರ್ತನು ಅದಕ್ಕೆ ಏಕೆ ಮನಸೋಲಲಿಲ್ಲವೆಂಬದು ಅಲ್ಲಿ ನಿಂತವರಿಗೆ ಸುಲಭವಾಗಿ ತಿಳಿಯುವದು.

ಬೆಳಗಿನ ಗಾಳಿಯೂ ಮೌನವೂ ಮನಸ್ಸಿಗೆ ಬಹು ಹಿತವಾಗಿದ್ದವು. ನಾವು ಪ್ರಾರ್ಥಿಸಿ, ಇಲ್ಲಿಯೇ ಇದ್ದುಬಿಟ್ಟರೆ ಎಷ್ಟು ಚೆನ್ನೆಂದುಕೊಂಡೆವು. ಪೇತ್ರನೂ ಹೀಗೆಯೇ ಬೆಟ್ಟದ ಮೇಲೆ ಗುಡಾರ ಹಾಕಲಪೇಕ್ಷಿಸಿದನಲ್ಲವೇ? ಆದರೆ ಮರುದಿನ ಕರ್ತನು ಅವನನ್ನು ಕೆಳಗಿಳಿಸಿಕೊಂಡು ಬಂದನು. ಕೆಳಗೆ ಒಬ್ಬ ತಂದೆಯು ರೋಗಪೀಡಿತನಾದ ಮಗನಿಗೋಸ್ಕರ ಮೊರೆಯಿಡುತ್ತಿದ್ದನು.

ನಾವೂ ಇಳಿದು ತುರುತ್ತು ಕಾಲುವೆಯ ಏರಿಯ ಮೇಲೆ ನಡೆದೆವು. ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿ ಆ ಅರಸರ ಕಾಲದಲ್ಲಿ ತಿರುಗಿಸಿದ ನೀರು ಇಂದಿಗೂ ಗದ್ದೆತೋಟಗಳಿಗೆ ಹರಿಯುತ್ತಿದೆ. ಸಿಂಹಾಸನವು ಹೋಯಿತು, ಕಾಲುವೆ ಉಳಿಯಿತು! ಇದು ಹೇಗೆ? ತಲೆತಲಾಂತರದಿಂದ ರೈತರು ಅದರ ಹೂಳು ತೆಗೆಯುತ್ತಾ ಬಂದರು. ಅದಿಲ್ಲದೆ ಅವರಿಗೆ ಅನ್ನವಿಲ್ಲ. ಕಾಲುವೆಯು ತನಗೆ ಬಂದದ್ದನ್ನು ಇಟ್ಟುಕೊಳ್ಳದೆ ಮುಂದಕ್ಕೆ ಕೊಡುವದರಿಂದಲೇ ಅದು ಎಲ್ಲರಿಗೂ ಬೇಕಾಗಿದೆ.

ಅಲ್ಲಿ ಗುದ್ದಲಿ ಹಿಡಿದು ನಿಂತಿದ್ದ ಒಬ್ಬ ಮುದುಕನನ್ನು ಮಾತಾಡಿಸಿದೆವು. “ನೀರು ಎಲ್ಲರಿಗೂ ಸಾಕು ಸ್ವಾಮಿ, ಮೇಲಿನವನು ಮಡೆ ಕಟ್ಟಿಕೊಂಡರೆ ಕೆಳಗಿನವನ ಪೈರು ಒಣಗುತ್ತದೆ,” ಎಂದನು.

ಈ ಮಾತು ನಮ್ಮನ್ನು ಚುಚ್ಚಿತು. ನಮ್ಮ ಸಭೆಯಲ್ಲಿಯೇ ಒಡಹುಟ್ಟಿದವರಿಬ್ಬರು ನೀರಿನ ಸರದಿಗಾಗಿ ಜಗಳವಾಡಿ, ಒಂದು ವರುಷದಿಂದ ಕರ್ತನ ಭೋಜನಕ್ಕೆ ಕೂಡಿ ಬಂದಿರಲಿಲ್ಲ. ನಾವು ಅವರಿಗಾಗಿ ಪ್ರಾರ್ಥಿಸಿದ್ದೆವು. ಆದರೆ ಒಂದು ದಿನವಾದರೂ ಅವರ ಗದ್ದೆಗೆ ಹೋಗಿರಲಿಲ್ಲ. ಬೆಟ್ಟದ ಮೇಲೆಯೇ ಗುಡಾರ ಹಾಕಿದ್ದವರು ನಾವು.

ಊರಿಗೆ ಬಂದೊಡನೆ ಹೋದೆವು. ಮೊದಲು ನಮ್ಮ ತಪ್ಪನ್ನು ಅರಿಕೆಮಾಡಿದೆವು. ಅಣ್ಣನು ಬಹಳ ಹೊತ್ತು ಮಾತಾಡಲಿಲ್ಲ. ತಮ್ಮನ ಮನೆಗೆ ಇನ್ನೂ ಕಾಲಿಟ್ಟಿಲ್ಲ. ಆದರೆ ಆ ಸಂಜೆ ತಾನೇ ಹೋಗಿ ಮಡೆ ಬಿಡಿಸಿದನು. ರಾತ್ರಿ ತಮ್ಮನ ಗದ್ದೆಗೆ ನೀರು ಹರಿಯಿತು.

ಪ್ರಿಯರೇ, ಆರಾಧನೆಯ ಸಮಯವು ನಮಗೆ ಬೆಟ್ಟದ ತುದಿಯಾಗಿದೆ. ಅಲ್ಲಿಗೆ ಹೋಗದವನಿಗೆ ದೂರದೃಷ್ಟಿಯಿಲ್ಲ. ಆದರೆ ಆದಿತ್ಯವಾರ ಕಂಡದ್ದನ್ನು ಸೋಮವಾರ ಕಾಲುವೆಯ ದಾರಿಯಲ್ಲಿ ನಡೆದು ತೋರಿಸಬೇಕು. ದೇವರ ಕ್ಷಮೆಯು ನಿಮ್ಮ ಹೊಲಕ್ಕೆ ಧಾರಾಳವಾಗಿ ಹರಿದು ಬಂದಿದೆಯಲ್ಲಾ. ಅದನ್ನು ನಿಮ್ಮ ಬದುವಿನಲ್ಲಿಯೇ ಕಟ್ಟಿ ನಿಲ್ಲಿಸಿದ್ದೀರೋ? ನಿಮ್ಮ ಕೆಳಗಿನ ಗದ್ದೆಯವನು ಯಾರು? ಹೊತ್ತು ಮುಳುಗುವದಕ್ಕೆ ಮುಂಚೆ ಅವನ ಬಳಿಗೆ ಹೋಗಿರಿ.

ನಮ್ಮನ್ನು ಬೆಟ್ಟಕ್ಕೆ ಕರೆದ ಕರ್ತನು ಇಳಿಯುವ ದಾರಿಯಲ್ಲಿಯೂ ನಮ್ಮ ಸಂಗಡ ಇರಲಿ. ಆಮೆನ್.