ಜೊತೆಗೂಡಿ ನೋಡುವ ಚಿತ್ರ

ಚಿತ್ರವನ್ನು ಒಬ್ಬರೇ ನೋಡಬೇಕು, ಗೆಳೆಯರ ಮಾತು ಏಕಾಗ್ರತೆ ಕೆಡಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಂಗಳೂರಿನಲ್ಲಿ ಸಂಜೆ ಹೊತ್ತು ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ಗುಂಪಾಗಿ ನಡೆಯುವವರನ್ನು ಕಂಡು ಇದು ಬರೀ ಹರಟೆ ಎನ್ನುವವರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. 1000ನೇ ಇಸವಿಯ ಆಸುಪಾಸಿನಲ್ಲಿ ಕಾಶ್ಮೀರದಲ್ಲಿದ್ದ ದಾರ್ಶನಿಕ ಅಭಿನವಗುಪ್ತ ತನ್ನ ‘ತಂತ್ರಾಲೋಕ’ದಲ್ಲಿ, ಹಲವರು ಕೂಡಿ ಗೀತ ನೃತ್ಯಗಳನ್ನು ಸವಿಯುವಾಗ ಒಬ್ಬೊಬ್ಬರ ಅರಿವೂ ಸಂಕೋಚ ಕಳೆದುಕೊಂಡು, ಮತ್ತೊಬ್ಬರಲ್ಲಿ ಪ್ರತಿಫಲಿಸಿ ಹಿಗ್ಗುತ್ತದೆ ಎನ್ನುತ್ತಾನೆ. ಅವನಿಗೆ ಇದು ರಂಜನೆಯ ವಿಷಯವಲ್ಲ, ಆನಂದದ ಸ್ವರೂಪದ ವಿಷಯ.

ನೃತ್ಯವಾದರೆ ಎಲ್ಲರ ಮುಂದೆ ಒಟ್ಟಿಗೇ ನಡೆಯುತ್ತದೆ, ಚಿತ್ರ ಗೋಡೆಯ ಮೇಲೆ ಸುಮ್ಮನಿದ್ದು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಾಣುತ್ತದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ಒಬ್ಬರ ಕಣ್ಣು ಮೋಡದಲ್ಲಿ ನಿಂತರೆ ಇನ್ನೊಬ್ಬರದು ಬೆಟ್ಟದ ಅಂಚಿಗೆ ಹೋಗುತ್ತದೆ. ಆದರೆ ‘ಅಲ್ಲಿ ನೋಡು’ ಎಂದು ಗೆಳತಿ ಬೆರಳು ತೋರಿದ ಗಳಿಗೆಯಲ್ಲಿ ನಮ್ಮ ನೋಟ ನಮ್ಮದೇ ಇಷ್ಟಾನಿಷ್ಟಗಳ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಅಭಿಪ್ರಾಯ ಒಂದೇ ಆಗಬೇಕಿಲ್ಲ, ಗಮನ ಒಂದೆಡೆ ಕೂಡಿದರೆ ಸಾಕು. ಕೂಟದಲ್ಲಿ ತನ್ಮಯನಾಗದವನಿದ್ದರೆ ಆನಂದಕ್ಕೆ ಭಂಗ ಎಂದು ಅಭಿನವಗುಪ್ತನೇ ಎಚ್ಚರಿಸಿದ್ದಾನೆ. ಮೊಬೈಲಿಗೆ ಫೋಟೊ ತುಂಬಿಸಿಕೊಳ್ಳಲಷ್ಟೇ ಬಂದವರ ಜೊತೆಗಿಂತ ಒಂಟಿಯಾಗಿ ನೋಡುವುದೇ ಮೇಲು, ನಿಜ. ಆದರೆ ಅದು ಜೊತೆಗಾರರನ್ನು ಆರಿಸಿಕೊಳ್ಳುವ ಪ್ರಶ್ನೆ, ಜೊತೆಯನ್ನೇ ತೊರೆಯಲು ಕಾರಣವಲ್ಲ.